ಹುಟ್ಟಿನಿಂದ ಬಂದ ರಕ್ತನಾಳದ ದೋಷ, ಕೆಮ್ಮಿದರೆ ರಕ್ತ: ಮನೆಯಿಂದ ಕ್ಯಾಥ್ ಲ್ಯಾಬ್‌ವರೆಗೆ ಏನು ಮಾಡಬೇಕು

ವಯಸ್ಕರ ಶ್ವಾಸನಾಳ ಮತ್ತು ಅದರ ಕವಲುಗಳೊಳಗೆ ಇರುವ ಜಾಗ ಸುಮಾರು 150 ಮಿಲಿಲೀಟರ್. ಹೋಟೆಲಿನಲ್ಲಿ ಕೊಡುವ ಒಂದು ಲೋಟ ಕಾಫಿಯಷ್ಟು. ರಕ್ತದಾನಕ್ಕೆ ಹೋದಾಗ ಅದರ ಎರಡು ಪಟ್ಟಿಗೂ ಹೆಚ್ಚು, ಅಂದರೆ 350 ಮಿಲಿಲೀಟರ್ ಕೊಟ್ಟು, ಬಿಸ್ಕತ್ತು ತಿಂದು, ನಡೆದುಕೊಂಡೇ ಮನೆಗೆ ಬರುತ್ತೇವೆ. ಅದೇ ರಕ್ತ ಶ್ವಾಸನಾಳಕ್ಕೆ ಸುರಿದು ಅಲ್ಲೇ ಹೆಪ್ಪುಗಟ್ಟಿದರೆ ಉಸಿರು ನಿಲ್ಲುತ್ತದೆ. ಶ್ವಾಸಕೋಶದ ಭಾರೀ ರಕ್ತಸ್ರಾವದಲ್ಲಿ ಹೆಚ್ಚಿನವರ ಜೀವ ಹೋಗುವುದು ಹೀಗೆ ಉಸಿರುಗಟ್ಟಿಯೇ. ರಕ್ತ ಬರಿದಾಗುವಷ್ಟು ಹೊತ್ತು ರೋಗ ಕಾಯುವುದಿಲ್ಲ. ಮುಂದೆ ಬರೆದಿರುವ ಹೆಜ್ಜೆಗಳೆಲ್ಲ ಈ ಕ್ರಮದಲ್ಲಿ ಇರುವುದಕ್ಕೆ ಇದೇ ಕಾರಣ: ಮೊದಲು ಉಸಿರು, ಆಮೇಲೆ ರಕ್ತ ಬರುವ ಜಾಗ, ಕೊನೆಗೆ ಅದನ್ನು ಮುಚ್ಚುವುದು.

ಕೆಮ್ಮಿದಾಗ ರಕ್ತ ಎಂದರೆ ನಮ್ಮಲ್ಲಿ ಮೊದಲು ನೆನಪಾಗುವುದು ಕ್ಷಯ. ಅದು ತಪ್ಪೇನೂ ಅಲ್ಲ. ಭಾರತದಲ್ಲಿ ಕ್ಷಯ, ಕ್ಷಯ ಬಿಟ್ಟುಹೋದ ಗಾಯ, ಹಿಗ್ಗಿ ಕೀವು ತುಂಬಿಕೊಂಡ ಶ್ವಾಸನಾಳಗಳು, ಇವೇ ದೊಡ್ಡ ಕಾರಣಗಳು. ಆದರೆ ಶ್ವಾಸಕೋಶದ ರಕ್ತನಾಳಗಳು ಹುಟ್ಟುವಾಗಲೇ ಬೇರೆ ರೀತಿಯಲ್ಲಿ ಕೂಡಿಕೊಂಡ ಕೆಲವರು ಇದ್ದಾರೆ. ಇವರಿಗೆ ರಕ್ತಸ್ರಾವವಾದಾಗ, ಎಲ್ಲರಿಗೂ ಮಾಡುವ ಚಿಕಿತ್ಸೆಯನ್ನು ಹಾಗೆಯೇ ಮಾಡಿದರೆ ಅಪಾಯವಾಗಬಹುದು. ಈ ಲೇಖನ ಅಂಥವರಿಗೆ ಮತ್ತು ಅವರ ಮನೆಯವರಿಗೆ.

ಮೊದಲು ತಿಳಿದಿರಬೇಕಾದದ್ದು: ಎರಡು ದಾರಿಗಳು

ಶ್ವಾಸಕೋಶಕ್ಕೆ ರಕ್ತ ಎರಡು ಕಡೆಯಿಂದ ಬರುತ್ತದೆ. ಹೃದಯದ ಬಲಭಾಗದಿಂದ ಹೊರಡುವ ಶ್ವಾಸಕೋಶದ ಅಪಧಮನಿ ಒಂದು. ಅದು ಕೆರೆಯ ಕಾಲುವೆ ಇದ್ದಂತೆ: ಅಗಲ ಹೆಚ್ಚು, ಒತ್ತಡ ಕಡಿಮೆ. ಇನ್ನೊಂದು, ಎಡಭಾಗದಿಂದ ಹೊರಡುವ ಮಹಾಪಧಮನಿಯ ಬೆನ್ನಿನ ಕಡೆಯಿಂದ ಕವಲೊಡೆಯುವ ಸಣ್ಣ ಬ್ರಾಂಕಿಯಲ್ ಅಪಧಮನಿಗಳು. ಇವು ಪಂಪ್‌ಸೆಟ್ಟಿನ ಪೈಪು ಇದ್ದಂತೆ: ಸಪೂರ, ಆದರೆ ಇಡೀ ದೇಹದ ರಕ್ತದೊತ್ತಡ ಅದರೊಳಗಿದೆ. ಸಾಮಾನ್ಯ ಕಾರಣಗಳಿಂದ ಆಗುವ ಭಾರೀ ರಕ್ತಸ್ರಾವದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಈ ಎರಡನೆಯ ಗುಂಪಿನಿಂದಲೇ ಬರುತ್ತದೆ.

ಹುಟ್ಟಿನ ದೋಷಗಳಲ್ಲಿ ಈ ಲೆಕ್ಕ ತಲೆಕೆಳಗಾಗಬಹುದು. ಮೂರು ಬಗೆಗಳನ್ನು ಗುರುತಿಟ್ಟುಕೊಂಡರೆ ಸಾಕು.

ಮೊದಲನೆಯದನ್ನು ವೈದ್ಯರು ಪಿ.ಎ.ವಿ.ಎಂ. ಎನ್ನುತ್ತಾರೆ. ಶ್ವಾಸಕೋಶದ ಅಪಧಮನಿಯೂ ಅಭಿಧಮನಿಯೂ ನಡುವೆ ಲೋಮನಾಳಗಳ ಜರಡಿಯೇ ಇಲ್ಲದೆ ನೇರವಾಗಿ ಕೂಡಿಕೊಂಡ ಗಂಟು ಇದು. ಬಹುಪಾಲು ರೋಗಿಗಳಲ್ಲಿ ಇದರ ಹಿಂದೆ ಎಚ್.ಎಚ್.ಟಿ. ಎಂಬ ವಂಶಪಾರಂಪರ್ಯ ಕಾಯಿಲೆ ಇರುತ್ತದೆ. ಚಿಕ್ಕಂದಿನಿಂದಲೂ ಮೂಗಿನಲ್ಲಿ ಪದೇ ಪದೇ ರಕ್ತ, ತುಟಿ, ನಾಲಗೆ ಮತ್ತು ಬೆರಳ ತುದಿಯಲ್ಲಿ ಸೂಜಿ ಚುಚ್ಚಿದಂತಹ ಕೆಂಪು ಚುಕ್ಕೆಗಳು, ಅಪ್ಪನಿಗೋ ಅಮ್ಮನಿಗೋ ಅದೇ ತೊಂದರೆ. ನಮ್ಮ ಮನೆಗಳಲ್ಲಿ ಇದನ್ನು ‘ಉಷ್ಣ’ ಎಂದು ಹೇಳಿ ಮುಗಿಸಿಬಿಡುವುದೇ ಹೆಚ್ಚು.

ಎರಡನೆಯದು, ಒಂದು ಕಡೆಯ ಶ್ವಾಸಕೋಶದ ಅಪಧಮನಿಯೇ ಬೆಳೆಯದಿರುವುದು. ಆ ಶ್ವಾಸಕೋಶ ಬದುಕುವುದು ಮಹಾಪಧಮನಿಯ ಕಡೆಯಿಂದ, ಪಕ್ಕೆಲುಬಿನ ನಡುವಿನಿಂದ, ಭುಜದ ಕಡೆಯಿಂದ ಸಾಲ ತಂದ ರಕ್ತದಿಂದ. ಆ ಸಾಲದ ನಾಳಗಳು ವರ್ಷಗಟ್ಟಲೆ ಹಿಗ್ಗಿ, ಇಪ್ಪತ್ತೋ ಮೂವತ್ತೋ ವಯಸ್ಸಿನಲ್ಲಿ ಒಂದು ದಿನ ಒಡೆಯಬಹುದು. ಎಕ್ಸ್‌ರೇಯಲ್ಲಿ ಒಂದು ಶ್ವಾಸಕೋಶ ಕುಗ್ಗಿ ಕಾಣುವುದರಿಂದ ‘ಹಳೆಯ ಟಿ.ಬಿ. ಗಾಯ’ ಎಂದು ಓದಿಬಿಡುವ ಸಾಧ್ಯತೆ ಇದೆ. ಕಫದಲ್ಲಿ ಎಂದೂ ಕ್ಷಯದ ಸೂಕ್ಷ್ಮಜೀವಿ ಕಾಣಿಸದೆ, ಪ್ರತಿ ಎಕ್ಸ್‌ರೇಯಲ್ಲೂ ಅದೇ ಶ್ವಾಸಕೋಶ ಚಿಕ್ಕದಾಗಿಯೇ ಕಾಣುತ್ತಿದ್ದರೆ, ಒಮ್ಮೆ ಸಿ.ಟಿ. ಆಂಜಿಯೋ (ರಕ್ತನಾಳಗಳನ್ನು ತೋರಿಸುವ ಸ್ಕ್ಯಾನ್) ಬೇಕೇ ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ಮೂರನೆಯದು ಹುಟ್ಟು ಹೃದಯದೋಷದ ಜೊತೆಗೆ ಬರುವುದು. ಟೆಟ್ರಾಲಜಿ ಆಫ್ ಫ್ಯಾಲೋ ಇದ್ದು ಶ್ವಾಸಕೋಶಕ್ಕೆ ಹೋಗುವ ಮುಖ್ಯ ದಾರಿಯೇ ಮುಚ್ಚಿರುವ ಮಕ್ಕಳಲ್ಲಿ ಮಹಾಪಧಮನಿಯಿಂದ ನೇರ ಶ್ವಾಸಕೋಶಕ್ಕೆ ಅಡ್ಡನಾಳಗಳು ಇರುತ್ತವೆ. ವೈದ್ಯರ ಬಾಯಲ್ಲಿ ಅದು ‘ಮ್ಯಾಪ್ಕಾ’. ಶಸ್ತ್ರಚಿಕಿತ್ಸೆ ಆಗದೆ ದೊಡ್ಡವರಾದವರಲ್ಲಿ ಇವು ಒಡೆಯುವುದುಂಟು.

ಈಗ ಮುಖ್ಯ ವಿಷಯ. ರಕ್ತ ಸುರಿಯುವ ನಾಳವನ್ನು ಒಳಗಿನಿಂದಲೇ ಮುಚ್ಚಲು ಕ್ಯಾತಿಟರ್ ಎಂಬ ಸಪೂರ ನಳಿಕೆಯನ್ನು ರಕ್ತನಾಳದೊಳಗೆ ತೂರಿಸುತ್ತಾರೆ. ಬ್ರಾಂಕಿಯಲ್ ನಾಳದಿಂದ ರಕ್ತ ಬರುತ್ತಿದ್ದರೆ ಅದು ತೊಡೆಯ ಅಪಧಮನಿಯಿಂದ ಹೋಗುತ್ತದೆ. ಮುಚ್ಚುವುದಕ್ಕೆ ಮರಳಿನಂತಹ ಸಣ್ಣ ಕಣಗಳನ್ನು ಬಿಡುತ್ತಾರೆ. ಪಿ.ಎ.ವಿ.ಎಂ. ಒಡೆದಿದ್ದರೆ ಕ್ಯಾತಿಟರ್ ತೊಡೆಯ ಅಭಿಧಮನಿಯಿಂದ ಹೃದಯದ ಬಲಭಾಗ ದಾಟಿ ಹೋಗುತ್ತದೆ. ಅಲ್ಲಿ ಕಣಗಳನ್ನು ಬಿಡುವಂತೆಯೇ ಇಲ್ಲ. ಜರಡಿ ಇಲ್ಲದ ಆ ಗಂಟಿನೊಳಗೆ ಕಣ ನುಸುಳಿದರೆ ನೇರ ಹೃದಯದ ಎಡಭಾಗಕ್ಕೆ, ಅಲ್ಲಿಂದ ಮಿದುಳಿಗೆ ಹೋಗಿ ಪಾರ್ಶ್ವವಾಯು ತರುತ್ತದೆ. ಅಲ್ಲಿ ಬೇಕಾದದ್ದು ಕಾಯಿಲ್ ಎಂಬ ಲೋಹದ ಸುರುಳಿ ಅಥವಾ ಬಿರಡೆಯಂತಹ ಪ್ಲಗ್. ಮ್ಯಾಪ್ಕಾದಲ್ಲಿ ಇನ್ನೊಂದು ತೊಡಕು: ಒಡೆದ ನಾಳವೇ ಆ ಭಾಗದ ಶ್ವಾಸಕೋಶಕ್ಕೆ ಇರುವ ಏಕೈಕ ನಾಳವಾಗಿದ್ದರೆ, ಅದನ್ನು ಮುಚ್ಚಿದಾಗ ರಕ್ತ ನಿಲ್ಲುತ್ತದೆ, ಆ ಭಾಗವೂ ಸಾಯುತ್ತದೆ. ಹೀಗೆ ಒಂದೇ ಕೋಣೆಯಲ್ಲಿ, ಒಂದೇ ಮೇಜಿನ ಮೇಲೆ, ಒಬ್ಬರಿಗೆ ಮದ್ದಾಗಿದ್ದು ಇನ್ನೊಬ್ಬರಿಗೆ ವಿಷ. ಯಾವ ದೋಷ ಎಂಬುದನ್ನು ವೈದ್ಯರಿಗೆ ಮೊದಲ ನಿಮಿಷದಲ್ಲೇ ಹೇಳಬಲ್ಲವರು ಮನೆಯವರು ಮತ್ತು ಹಳೆಯ ಫೈಲು.

ಮನೆಯಲ್ಲಿ: ಮೊದಲ ಹತ್ತು ನಿಮಿಷ

ರಕ್ತ ಕೆಮ್ಮಿನಿಂದ ಬಂತೋ ವಾಂತಿಯಿಂದ ಬಂತೋ ನೋಡಿ. ಕೆಮ್ಮಿನದು ಹೆಚ್ಚಾಗಿ ಹೊಳೆಯುವ ಕೆಂಪು, ನೊರೆ ನೊರೆ. ಹೊಟ್ಟೆಯದು ಕಪ್ಪು ಬಣ್ಣಕ್ಕೆ ತಿರುಗಿ, ಅನ್ನದ ಅಗುಳು ಬೆರೆತಿರಬಹುದು. ಅನುಮಾನವಿದ್ದರೂ ಅದನ್ನು ತೀರ್ಮಾನಿಸಲು ಕೂರಬೇಡಿ.

108ಕ್ಕೆ ಕರೆ ಮಾಡಿ. ‘ಕೆಮ್ಮಿದಾಗ ರಕ್ತ ಬರುತ್ತಿದೆ, ಉಸಿರಾಟಕ್ಕೆ ಕಷ್ಟವಾಗುತ್ತಿದೆ’ ಎಂದು ಇಷ್ಟನ್ನೇ ಹೇಳಿ. ವಂಶದ ಕಥೆ ಆಮೇಲೆ.

ಯಾವ ಕಡೆಯ ಶ್ವಾಸಕೋಶದಲ್ಲಿ ದೋಷವಿದೆ ಎಂಬುದು ಮೊದಲೇ ಗೊತ್ತಿದ್ದರೆ, ಆ ಕಡೆಯನ್ನು ಕೆಳಗೆ ಮಾಡಿ ಮಗ್ಗುಲಿಗೆ ಮಲಗಿಸಿ. ಬಲಭಾಗದ ದೋಷವಾದರೆ ಬಲ ಮಗ್ಗುಲು ಕೆಳಗೆ. ಒಳ್ಳೆಯ ಶ್ವಾಸಕೋಶ ಮೇಲಿದ್ದು ಅದಕ್ಕೆ ರಕ್ತ ಹರಿಯಬಾರದು ಎಂಬುದು ಲೆಕ್ಕ. ಮನೆಯಲ್ಲಿ ಮಾಡಬಹುದಾದ ಕೆಲಸಗಳಲ್ಲಿ ನಿಜವಾಗಿ ಜೀವ ಉಳಿಸಬಲ್ಲದ್ದು ಇದೊಂದೇ, ಇದಕ್ಕೆ ಖರ್ಚೂ ಇಲ್ಲ. ಕಡೆ ಗೊತ್ತಿಲ್ಲದಿದ್ದರೆ ರೋಗಿಯನ್ನು ಕೇಳಿ. ಎದೆಯ ಒಂದು ಬದಿಯಲ್ಲಿ ಬಿಸಿಯಾದಂತೆ, ಗುಳುಗುಳು ಎಂದಂತೆ ಎಷ್ಟೋ ಜನರಿಗೆ ಅನಿಸುತ್ತದೆ. ಅದೂ ತಿಳಿಯದಿದ್ದರೆ ಕುಳಿತು ಮುಂದಕ್ಕೆ ಬಾಗಿ ಉಗುಳಲಿ. ಅಂಗಾತ ಮಲಗಿಸುವುದು ಮಾತ್ರ ಬೇಡ.

ಕುಡಿಯಲು ಏನನ್ನೂ ಕೊಡಬೇಡಿ. ಅರಿಶಿನದ ಹಾಲು, ತಣ್ಣೀರು, ಎಳನೀರು ಎಲ್ಲವೂ ಪ್ರೀತಿಯಿಂದಲೇ ಬರುತ್ತವೆ. ಆದರೆ ಇನ್ನೊಂದು ಗಂಟೆಯಲ್ಲಿ ಗಂಟಲಿಗೆ ನಳಿಕೆ ಹಾಕಬೇಕಾಗಬಹುದು, ಆಗ ಹೊಟ್ಟೆ ತುಂಬಿದ್ದರೆ ತೊಂದರೆ. ಕೆಮ್ಮು ನಿಲ್ಲಿಸುವ ಸಿರಪ್, ನಿದ್ರೆ ಮಾತ್ರೆಗಳನ್ನೂ ನಿಮ್ಮಷ್ಟಕ್ಕೆ ಕೊಡಬೇಡಿ. ರಕ್ತವನ್ನು ಹೊರಹಾಕಲು ಆ ಕೆಮ್ಮು ಬೇಕು.

ರಕ್ತ ಉಗುಳಿದ ಪಾತ್ರೆಯನ್ನು ತೊಳೆಯುವ ಮೊದಲು ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಎಷ್ಟು ರಕ್ತ ಬಂದರೆ ‘ಭಾರೀ’ ಎಂಬುದರಲ್ಲಿ ವೈದ್ಯರಲ್ಲೇ ಒಮ್ಮತವಿಲ್ಲ. 24 ಗಂಟೆಯಲ್ಲಿ 100 ಮಿಲಿಲೀಟರ್‌ನಿಂದ 600ರವರೆಗೆ ಬೇರೆ ಬೇರೆ ಗೆರೆಗಳನ್ನು ಎಳೆದಿದ್ದಾರೆ. ಅಳೆಯುವ ಕೆಲಸ ನಿಮ್ಮದಲ್ಲ. ‘ಅರ್ಧ ಚೊಂಬು’ ಎಂಬ ಮಾತಿಗಿಂತ ಫೋಟೋ ಹೆಚ್ಚು ಹೇಳುತ್ತದೆ.

ಯಾವ ಆಸ್ಪತ್ರೆ?

ಇಲ್ಲಿ ಎರಡು ಪ್ರಶ್ನೆಗಳು ಒಂದಕ್ಕೊಂದು ಗುದ್ದಾಡುತ್ತವೆ. ಉಸಿರು ಸಿಕ್ಕಿಹಾಕಿಕೊಳ್ಳುತ್ತಿದ್ದರೆ, ತುಟಿ ನೀಲಿಯಾಗುತ್ತಿದ್ದರೆ, ಆಮ್ಲಜನಕ ಮತ್ತು ಗಂಟಲಿಗೆ ನಳಿಕೆ ಹಾಕುವ ವ್ಯವಸ್ಥೆ ಇರುವ ಅತಿ ಹತ್ತಿರದ ಆಸ್ಪತ್ರೆಗೆ ಹೋಗಿ, ಚರ್ಚೆ ಬೇಡ. ರಕ್ತ ಬಂದು ಸದ್ಯಕ್ಕೆ ನಿಂತಿದ್ದರೆ, ರೋಗಿ ಮಾತಾಡುತ್ತಿದ್ದರೆ, ದಾರಿಯಲ್ಲೇ ಒಬ್ಬರು ಫೋನ್ ಹಿಡಿದು ದೊಡ್ಡ ಆಸ್ಪತ್ರೆಗಳಿಗೆ ಮೂರು ಪ್ರಶ್ನೆ ಕೇಳಲಿ: ಈಗ, ಈ ಹೊತ್ತಿನಲ್ಲಿ ಸಿ.ಟಿ. ಆಂಜಿಯೋಗ್ರಾಂ ಆಗುತ್ತದೆಯೇ? ಬ್ರಾಂಕಿಯಲ್ ಎಂಬೊಲೈಸೇಷನ್ (ಕ್ಯಾತಿಟರ್ ಮೂಲಕ ನಾಳ ಮುಚ್ಚುವುದು) ಮಾಡುವ ವೈದ್ಯರು ಬರುತ್ತಾರೆಯೇ? ಎದೆಯ ಶಸ್ತ್ರಚಿಕಿತ್ಸಕರು ಇದ್ದಾರೆಯೇ?

ಎರಡನೆಯ ಪ್ರಶ್ನೆಯನ್ನು ಬಿಡಬೇಡಿ. ಕ್ಯಾತಿಟರ್ ಚಿಕಿತ್ಸೆ ಮಾಡುವ ಕೋಣೆಯೇ ಕ್ಯಾಥ್ ಲ್ಯಾಬ್. ಆ ಫಲಕ ಈಗ ಜಿಲ್ಲಾ ಕೇಂದ್ರಗಳಲ್ಲೂ ಕಾಣುತ್ತದೆ. ಅವುಗಳಲ್ಲಿ ಹೆಚ್ಚಿನವು ಹೃದಯಾಘಾತಕ್ಕೆ ಸ್ಟೆಂಟ್ ಹಾಕಲು ಇರುವಂಥವು. ಯಂತ್ರ ಅದೇ, ಕೈ ಬೇರೆ. ಈ ಕೆಲಸ ಮಾಡುವವರು ಇಂಟರ್ವೆನ್ಷನಲ್ ರೇಡಿಯಾಲಜಿಸ್ಟರು. ಮ್ಯಾಪ್ಕಾ ಇರುವವರಿಗಾದರೆ ಹುಟ್ಟು ಹೃದಯದೋಷಗಳನ್ನು ನೋಡುವ ಹೃದ್ರೋಗ ತಜ್ಞರೂ ಜೊತೆಗಿರಬೇಕು.

ಹಣದ ಮಾತು ಒಂದೇ ಸಾಲಿನಲ್ಲಿ: ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದೆ. ಪಡಿತರ ಚೀಟಿ ಮತ್ತು ಆಧಾರ್ ಹಿಡಿದು ಒಬ್ಬರು ನೇರ ಆರೋಗ್ಯಮಿತ್ರರ ಮೇಜಿಗೆ ಹೋಗಲಿ, ಉಳಿದವರು ರೋಗಿಯ ಬಳಿ ಇರಲಿ.

ತುರ್ತು ವಿಭಾಗದಲ್ಲಿ ನೀವು ಹೇಳಬೇಕಾದ ಮಾತುಗಳು

ವೈದ್ಯರು ಆಮ್ಲಜನಕ ಕೊಡುತ್ತಾರೆ, ಎರಡು ಕಡೆ ಡ್ರಿಪ್ ಹಾಕುತ್ತಾರೆ, ರಕ್ತದ ಗುಂಪು ನೋಡುತ್ತಾರೆ, ರಕ್ತಸ್ರಾವ ತಗ್ಗಿಸುವ ಟ್ರನೆಕ್ಸಾಮಿಕ್ ಆಮ್ಲದ ಚುಚ್ಚುಮದ್ದು ಕೊಡಬಹುದು. ಉಸಿರು ಸೋಲುತ್ತಿದ್ದರೆ ದಪ್ಪ ನಳಿಕೆ ಹಾಕಿ, ಬೇಕಾದರೆ ಒಳ್ಳೆಯ ಶ್ವಾಸಕೋಶಕ್ಕೆ ಮಾತ್ರ ಗಾಳಿ ಹೋಗುವಂತೆ ಮಾಡುತ್ತಾರೆ. ಅದು ಅವರ ಕೆಲಸ. ನಿಮ್ಮ ಕೆಲಸ ಹೇಳುವುದು.

ದೋಷದ ಹೆಸರನ್ನು ಹೇಳಿ. ಆಸ್ಪಿರಿನ್, ಕ್ಲೊಪಿಡೊಗ್ರೆಲ್, ವಾರ್ಫರಿನ್, ಅಸಿಟ್ರೋಮ್‌ನಂತಹ ರಕ್ತ ತೆಳುಮಾಡುವ ಮಾತ್ರೆ ನುಂಗುತ್ತಿದ್ದರೆ, ಕೊನೆಯ ಮಾತ್ರೆ ಯಾವಾಗ ಎಂಬುದನ್ನೂ ಸೇರಿಸಿ ಹೇಳಿ. ಗರ್ಭಿಣಿಯಾದರೆ ಹೇಳಿ, ಪಿ.ಎ.ವಿ.ಎಂ. ಗರ್ಭಾವಸ್ಥೆಯಲ್ಲಿ ಹಿಗ್ಗಿ ಒಡೆಯುವ ಅಪಾಯ ಹೆಚ್ಚು. ಮೂತ್ರಪಿಂಡದ ತೊಂದರೆ, ಹಿಂದೆ ಸ್ಕ್ಯಾನ್ ಔಷಧಿಗೆ ಅಲರ್ಜಿ, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್, ಇವನ್ನೂ ಹೇಳಿ.

ಇನ್ನೆರಡು ಮಾತುಗಳು ಮನೆಯವರಿಂದ ಬರದಿದ್ದರೆ ತಪ್ಪಿಹೋಗುವಂಥವು. ಒಂದು, ರೋಗಿಯ ಮಾಮೂಲಿ ಆಮ್ಲಜನಕದ ಅಂಕಿ. ಪಿ.ಎ.ವಿ.ಎಂ. ಅಥವಾ ನೀಲಿ ಹೃದಯದೋಷ ಇರುವವರಿಗೆ ಚೆನ್ನಾಗಿರುವ ದಿನವೂ ಬೆರಳಿನ ಯಂತ್ರ 85 ತೋರಿಸಬಹುದು. ಅದು ಗೊತ್ತಿಲ್ಲದವರು 98 ತರಲು ಹೆಣಗಾಡುತ್ತಾರೆ. ಎರಡು, ಡ್ರಿಪ್ಪಿನೊಳಗಿನ ಗಾಳಿಗುಳ್ಳೆ. ಸಾಮಾನ್ಯರಲ್ಲಿ ಸಣ್ಣ ಗುಳ್ಳೆಯನ್ನು ಶ್ವಾಸಕೋಶದ ಜರಡಿ ಹಿಡಿದುಬಿಡುತ್ತದೆ. ಇವರಲ್ಲಿ ಅದು ಮಿದುಳಿಗೆ ಹೋಗಬಹುದು. ‘ಸಿಸ್ಟರ್, ಇವರಿಗೆ ಡ್ರಿಪ್‌ನಲ್ಲಿ ಗಾಳಿ ಹೋಗಬಾರದು ಎಂದು ದೊಡ್ಡ ಡಾಕ್ಟರು ಹೇಳಿದ್ದಾರೆ, ಫಿಲ್ಟರ್ ಹಾಕುತ್ತೀರಾ?’ ಎಂದು ವಿನಯದಿಂದಲೇ ಕೇಳಿ. ಶಿಫ್ಟ್ ಬದಲಾದಾಗ ಮತ್ತೆ ಕೇಳಿ.

ಸ್ಕ್ಯಾನ್ ಏಕೆ ಮೊದಲು

ರಕ್ತ ಸುರಿಯುತ್ತಿರುವಾಗ ಸ್ಕ್ಯಾನ್‌ಗೆ ಏಕೆ ಕಳಿಸುತ್ತಾರೆ ಎಂದು ಹೊರಗೆ ಕೂತವರಿಗೆ ಸಿಟ್ಟು ಬರುವುದು ಸಹಜ. ಸಿ.ಟಿ. ಆಂಜಿಯೋಗ್ರಾಂ ಇಲ್ಲಿ ಭೂಪಟ. ಯಾವ ಕಡೆ, ಯಾವ ನಾಳ, ಅದು ಎಲ್ಲಿಂದ ಹೊರಟಿದೆ ಎಂಬುದು ಅದರಲ್ಲಿ ಸಿಗುತ್ತದೆ. ಹುಟ್ಟಿನ ದೋಷಗಳಲ್ಲಿ ನಾಳಗಳು ಕುತ್ತಿಗೆಯ ಬುಡದಿಂದಲೂ ಬರಬಹುದು, ವಪೆಯ ಕೆಳಗೆ ಹೊಟ್ಟೆಯಿಂದಲೂ ಬರಬಹುದು. ಸೀಕ್ವೆಸ್ಟ್ರೇಷನ್ ಎಂಬ ದೋಷದಲ್ಲಿ ಶ್ವಾಸಕೋಶದ ಒಂದು ತುಂಡು ಉಳಿದದ್ದರೊಡನೆ ಸಂಬಂಧವೇ ಇಲ್ಲದೆ ನೇರ ಮಹಾಪಧಮನಿಯಿಂದ ರಕ್ತ ಕುಡಿಯುತ್ತಿರುತ್ತದೆ. ಭೂಪಟವಿಲ್ಲದೆ ಕ್ಯಾತಿಟರ್ ಹಿಡಿದು ಇವನ್ನೆಲ್ಲ ಹುಡುಕುವುದು ಕತ್ತಲಲ್ಲಿ ತಡಕಾಡಿದಂತೆ.

ಮೇಜಿನ ಮೇಲೆ

ಸಹಿ ಕೇಳುವ ಹೊತ್ತಿಗೆ ಒಳಗೆ ಏನು ನಡೆಯಲಿದೆ ಎಂಬ ಅಂದಾಜು ಇದ್ದರೆ ಒಳ್ಳೆಯದು. ಹೊಲಿಗೆ ಇಲ್ಲ, ಎದೆ ಕೊಯ್ಯುವುದಿಲ್ಲ. ತೊಡೆಸಂದಿಗೆ ಮರಗಟ್ಟುವ ಚುಚ್ಚುಮದ್ದು ಕೊಟ್ಟು ಸೂಜಿ ಹಾಕಿ, ಸೂಜಿಯೊಳಗೆ ತಂತಿ ತೂರಿಸಿ, ತಂತಿಯ ಮೇಲೆ ನಳಿಕೆ ಜಾರಿಸುತ್ತಾರೆ. ಸ್ವೀಡನ್ನಿನ ಸೆಲ್ಡಿಂಗರ್ ಎಂಬ ವೈದ್ಯರು 1953ರಲ್ಲಿ ಪ್ರಕಟಿಸಿದ ಉಪಾಯವೇ ಇಂದಿಗೂ ನಡೆಯುತ್ತಿರುವುದು. ಕ್ಯಾತಿಟರಿನ ದಪ್ಪ ಎರಡು ಮಿಲಿಮೀಟರಿಗೂ ಕಡಿಮೆ. ಅದರೊಳಗಿಂದ ಹೋಗುವ ಮೈಕ್ರೋಕ್ಯಾತಿಟರ್ ಒಂದು ಮಿಲಿಮೀಟರ್ ಆಸುಪಾಸು. ಮಲಗಬಲ್ಲ ದೊಡ್ಡವರು ಎಚ್ಚರವಾಗಿಯೇ ಇರುತ್ತಾರೆ. ಮಕ್ಕಳಿಗೆ, ಉಸಿರಿನ ನಳಿಕೆ ಹಾಕಿದವರಿಗೆ ಪೂರ್ಣ ಅರಿವಳಿಕೆ. ಬಣ್ಣದ ಔಷಧಿ ಹೋದಾಗ ಮೈಯೆಲ್ಲ ಬಿಸಿಯಾದಂತೆ ಆಗುತ್ತದೆ, ಹೆದರಬೇಕಿಲ್ಲ.

ಬ್ರಾಂಕಿಯಲ್ ನಾಳಗಳು ಎದೆಯ ಐದು, ಆರನೆಯ ಕಶೇರುಗಳ ಮಟ್ಟದಲ್ಲಿ ಹೊರಡುತ್ತವೆ. ಅವುಗಳನ್ನು ಮುಚ್ಚಿ ರಕ್ತ ನಿಲ್ಲಿಸಬಹುದೆಂದು ಮೊದಲು ತೋರಿಸಿದವರು ಫ್ರಾನ್ಸಿನ ರೆಮಿ ಮತ್ತು ಜೊತೆಗಾರರು, 1970ರ ದಶಕದ ಆರಂಭದಲ್ಲಿ. ಇಲ್ಲಿ ದೊಡ್ಡ ಭಯ ಬೆನ್ನುಹುರಿಯದು. ಬೆನ್ನುಹುರಿಗೆ ಹೋಗುವ ಎಳೆಯಂತಹ ನಾಳ ಕೆಲವರಲ್ಲಿ ಇದೇ ಬುಡದಿಂದ ಹೊರಡುತ್ತದೆ. ಚಿತ್ರದಲ್ಲಿ ಹೇರ್‌ಪಿನ್ನಿನಂತೆ ಬಾಗಿ ಕಾಣುತ್ತದೆ. ಅದರೊಳಗೆ ಕಣ ಹೋದರೆ ಕಾಲುಗಳ ಶಕ್ತಿ ಹೋಗಬಹುದು. ಅದಕ್ಕೇ ಮೈಕ್ರೋಕ್ಯಾತಿಟರನ್ನು ಆ ಕವಲು ದಾಟಿ ಮುಂದಕ್ಕೆ ಒಯ್ಯುತ್ತಾರೆ. ಕಣದ ಗಾತ್ರವನ್ನೂ ಸಾಮಾನ್ಯವಾಗಿ 300ರಿಂದ 500 ಮೈಕ್ರಾನ್ ಅಥವಾ ಅದಕ್ಕೂ ದೊಡ್ಡದಾಗಿ ಆರಿಸುತ್ತಾರೆ. ಅದಕ್ಕಿಂತ ಸಣ್ಣ ಕಣಗಳು ಎಲ್ಲಿಗೋ ನುಸುಳಿಬಿಡುತ್ತವೆ. ಕಾಯಿಲನ್ನು ಇಲ್ಲಿ ಬುಡದಲ್ಲೇ ಹಾಕಲು ಹೆಚ್ಚಿನವರು ಒಪ್ಪುವುದಿಲ್ಲ. ಮತ್ತೆ ರಕ್ತ ಬಂದರೆ ಒಳಹೋಗುವ ಬಾಗಿಲನ್ನೇ ಮುಚ್ಚಿಕೊಂಡಂತಾಗುತ್ತದೆ.

ಪಿ.ಎ.ವಿ.ಎಂ.ನಲ್ಲಿ ಇದಕ್ಕೆ ವಿರುದ್ಧ. ಗಂಟಿಗೆ ರಕ್ತ ತರುವ ನಾಳದ ತುದಿಗೆ, ಗಂಟಿಗೆ ಆದಷ್ಟು ಅಂಟಿಕೊಂಡಂತೆ, ಕಾಯಿಲ್ ಅಥವಾ ಪ್ಲಗ್ ಕೂರಿಸುತ್ತಾರೆ. ಬರ್ಲಿನ್ನಿನ ಪೋರ್ಸ್ಟ್‌ಮನ್ 1977ರಲ್ಲಿ ಇದನ್ನು ವರದಿ ಮಾಡುವವರೆಗೆ ಎದೆ ತೆರೆದು ಶ್ವಾಸಕೋಶದ ತುಂಡು ಕೊಯ್ಯುವುದೇ ದಾರಿಯಾಗಿತ್ತು.

ಅಪಧಮನಿಯೇ ಇಲ್ಲದ ಶ್ವಾಸಕೋಶದ್ದು ಇವೆರಡಕ್ಕಿಂತ ಹಟಮಾರಿ ಕಥೆ. ಒಂದು ಸಾಲದ ನಾಳ ಮುಚ್ಚಿದರೆ ಇನ್ನೊಂದು ಬೆಳೆಯುತ್ತದೆ. ಎಂಬೊಲೈಸೇಷನ್ ಇಲ್ಲಿ ಅಂದಿನ ರಾತ್ರಿಯನ್ನು ದಾಟಿಸುತ್ತದೆ. ರಕ್ತ ಮರುಕಳಿಸಿದರೆ ಆ ಶ್ವಾಸಕೋಶವನ್ನು ತೆಗೆಯುವ ಶಸ್ತ್ರಚಿಕಿತ್ಸೆಯ ಮಾತು ಬರಬಹುದು. ಅದನ್ನು ಆ ಗಾಬರಿಯಲ್ಲಿ ಮಾಡುವುದಕ್ಕಿಂತ, ಚೇತರಿಸಿಕೊಂಡ ಮೇಲೆ ಯೋಚಿಸಿ ಮಾಡುವುದು ಎಷ್ಟೋ ಸುರಕ್ಷಿತ.

ಸಹಿ ಹಾಕುವ ಮೊದಲು ಕೇಳಬಹುದಾದ ಪ್ರಶ್ನೆಗಳು ನಾಲ್ಕೇ: ಯಾವ ನಾಳ, ಯಾವ ವಸ್ತು, ಆ ಭಾಗಕ್ಕೆ ಬೇರೆ ರಕ್ತ ಪೂರೈಕೆ ಇದೆಯೇ, ಬೆನ್ನುಹುರಿಯ ನಾಳ ಕಂಡರೆ ಏನು ಮಾಡುತ್ತೀರಿ. ‘ತೂತು ಸಿಕ್ಕಿತಾ?’ ಎಂಬ ಪ್ರಶ್ನೆಗೆ ಮಾತ್ರ ಹೆಚ್ಚಾಗಿ ‘ಇಲ್ಲ’ ಎಂಬ ಉತ್ತರವೇ ಬರುತ್ತದೆ. ರಕ್ತ ಸೋರುವ ಬಿಂದು ಚಿತ್ರದಲ್ಲಿ ಕಾಣುವುದು ಅಪರೂಪ; ಹಿಗ್ಗಿ ಸುರುಳಿಗಟ್ಟಿದ ನಾಳವನ್ನು ನೋಡಿ ತೀರ್ಮಾನಿಸುತ್ತಾರೆ.

ಆ ರಾತ್ರಿ ಮತ್ತು ಮುಂದಿನ ವಾರ

ಸೂಜಿ ಹಾಕಿದ ಕಾಲನ್ನು ಹಲವು ಗಂಟೆ ಮಡಚದೆ ಮಲಗಿರಬೇಕು. ಎದೆನೋವು, ಸಣ್ಣ ಜ್ವರ, ನುಂಗುವಾಗ ನೋವು ಕೆಲವು ದಿನ ಇರಬಹುದು. ಕಫದಲ್ಲಿ ಕಂದು, ಕಪ್ಪು ಬಣ್ಣದ ಹಳೆಯ ರಕ್ತ ಕೆಲವು ದಿನ ಬರುತ್ತದೆ. ಹೊಳೆಯುವ ಕೆಂಪು ರಕ್ತ ಬಂದರೆ ಕೂಡಲೇ ಕರೆಯಿರಿ. ಕಾಲು ಜೋಮು ಹಿಡಿದಿದೆ, ಎತ್ತಲಾಗುತ್ತಿಲ್ಲ, ಮೂತ್ರ ಹೋಗುತ್ತಿಲ್ಲ ಎಂದರೆ ಬೆಳಗಿನ ರೌಂಡ್ಸ್‌ವರೆಗೆ ಕಾಯದೆ ಆಗಲೇ ಸಿಸ್ಟರಿಗೆ ತಿಳಿಸಿ. ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ, ತೊಡೆಸಂದಿ ಊದಿದರೆ, ಪಾದ ತಣ್ಣಗಾದರೆ ಕೂಡ ಹಾಗೆಯೇ.

ಎಲ್ಲ ಕಾರಣಗಳನ್ನೂ ಸೇರಿಸಿ ನೋಡಿದರೆ ಬ್ರಾಂಕಿಯಲ್ ಎಂಬೊಲೈಸೇಷನ್‌ನಿಂದ ಬಹುಪಾಲು ರೋಗಿಗಳಲ್ಲಿ ಆ ಹೊತ್ತಿಗೆ ರಕ್ತ ನಿಲ್ಲುತ್ತದೆ. ಆದರೆ ತಿಂಗಳುಗಳೋ ವರ್ಷಗಳೋ ಕಳೆದು ಮರುಕಳಿಸುವುದೂ ಸಾಮಾನ್ಯ. ಎರಡನೆಯ ಸಲ ಮಾಡಬೇಕಾಯಿತೆಂದರೆ ಮೊದಲನೆಯದು ಕೆಟ್ಟಿತು ಎಂದುಕೊಳ್ಳಬೇಕಿಲ್ಲ.

ಮನೆಗೆ ಬಂದ ಮೇಲೆ

ಪಿ.ಎ.ವಿ.ಎಂ. ಮುಚ್ಚಿಸಿಕೊಂಡವರು ಆರರಿಂದ ಹನ್ನೆರಡು ತಿಂಗಳೊಳಗೆ ಒಮ್ಮೆ, ಆಮೇಲೆ ಮೂರರಿಂದ ಐದು ವರ್ಷಕ್ಕೊಮ್ಮೆ ಸಿ.ಟಿ. ಮಾಡಿಸಿಕೊಳ್ಳಬೇಕು, ಮುಚ್ಚಿದ್ದು ತೆರೆದುಕೊಳ್ಳಬಹುದು, ಸಣ್ಣದಾಗಿದ್ದ ಬೇರೊಂದು ಬೆಳೆಯಬಹುದು. ಹಲ್ಲು ಕೀಳಿಸುವ, ಶುಚಿ ಮಾಡಿಸುವ ಮೊದಲು ದಂತವೈದ್ಯರಿಗೆ ವಿಷಯ ತಿಳಿಸಿ ಆ್ಯಂಟಿಬಯಾಟಿಕ್ ತೆಗೆದುಕೊಳ್ಳಿ. ಬಾಯಿಯ ಸೂಕ್ಷ್ಮಜೀವಿ ಜರಡಿ ತಪ್ಪಿಸಿಕೊಂಡು ಮಿದುಳಿನಲ್ಲಿ ಕೀವು ಕಟ್ಟಬಹುದು. ಸಮುದ್ರದಾಳಕ್ಕೆ ಸಿಲಿಂಡರ್ ಕಟ್ಟಿಕೊಂಡು ಇಳಿಯುವ ಸ್ಕೂಬಾ ಡೈವಿಂಗ್ ಬೇಡ, ನೇತ್ರಾಣಿಯಲ್ಲಾದರೂ ಸರಿ. ಒಂದು ಕಡೆಯ ಅಪಧಮನಿ ಇಲ್ಲದವರು ಕೇದಾರನಾಥ, ಲಡಾಖ್ ಎಂದು ಹೊರಡುವ ಮೊದಲು ವೈದ್ಯರನ್ನು ಕೇಳಲೇಬೇಕು. ಎತ್ತರದಲ್ಲಿ ಇವರ ಶ್ವಾಸಕೋಶದಲ್ಲಿ ಬೇಗ ನೀರು ತುಂಬುತ್ತದೆ.

ಎಚ್.ಎಚ್.ಟಿ. ಇದ್ದರೆ ಪ್ರತಿ ಮಗುವಿಗೂ ಅದು ಬರುವ ಸಾಧ್ಯತೆ ಅರ್ಧಕ್ಕರ್ಧ. ಅಣ್ಣತಮ್ಮಂದಿರು, ಅಕ್ಕತಂಗಿಯರು, ಮಕ್ಕಳು ಎಲ್ಲರೂ ರಕ್ತಕ್ಕೆ ಅತಿ ಸಣ್ಣ ಗುಳ್ಳೆ ಬಿಟ್ಟು ನೋಡುವ ಹೃದಯದ ಎಕೋ ಪರೀಕ್ಷೆ ಮಾಡಿಸಿಕೊಳ್ಳಬೇಕು. ಹೆಣ್ಣುಮಕ್ಕಳ ಮದುವೆಗೆ ತೊಂದರೆ ಎಂದು ಇದನ್ನು ಮುಚ್ಚಿಡುವ ಮನೆಗಳಿವೆ. ಮುಚ್ಚಿಟ್ಟದ್ದು ಹೊರಬರುವುದು ಬಸಿರಿನ ಏಳನೆಯ ತಿಂಗಳಲ್ಲಿ, ರಕ್ತದ ಜೊತೆಗೆ. ಗರ್ಭ ಧರಿಸುವ ಮೊದಲೇ ಪರೀಕ್ಷೆ ಮಾಡಿಸಿ, ರಕ್ತ ತರುವ ನಾಳ ಎರಡು ಮೂರು ಮಿಲಿಮೀಟರಿಗಿಂತ ದಪ್ಪವಿದ್ದರೆ ಆಗಲೇ ಮುಚ್ಚಿಸಿಕೊಳ್ಳುವುದು ದೊಡ್ಡ ಕೆಲಸವೇನಲ್ಲ.

ಕೊನೆಗೆ ಆ ಫೈಲು. ಎಕ್ಸ್‌ರೇಗಳನ್ನು ಪಡಿತರದ ಚೀಲದಲ್ಲಿ ಸುರುಳಿ ಸುತ್ತಿ ಅಟ್ಟದ ಮೇಲೆ ಇಡುವವರೇ ಹೆಚ್ಚು. ಅವು ಅಲ್ಲೇ ಇರಲಿ, ಆದರೆ ಒಂದು ಹಾಳೆಯಲ್ಲಿ ಇಷ್ಟು ಬರೆಯಿರಿ: ದೋಷದ ಹೆಸರು, ಯಾವ ಕಡೆ, ಮಾಮೂಲಿ ಆಮ್ಲಜನಕದ ಅಂಕಿ, ರಕ್ತದ ಗುಂಪು, ನುಂಗುವ ಮಾತ್ರೆಗಳು, ಅಲರ್ಜಿ, ಹಿಂದೆ ಯಾವ ನಾಳವನ್ನು ಯಾವುದರಿಂದ ಮುಚ್ಚಿದರು, ಯಾವ ತಿಂಗಳು. ಕಾಯಿಲ್ ಅಥವಾ ಪ್ಲಗ್ ಹಾಕಿದಾಗ ಆಸ್ಪತ್ರೆ ಕೊಡುವ ಇಂಪ್ಲಾಂಟ್ ಕಾರ್ಡನ್ನು ಅದಕ್ಕೇ ಅಂಟಿಸಿ, ಮುಂದೆ ಎಂ.ಆರ್.ಐ. ಮಾಡುವವರು ಅದನ್ನೇ ಕೇಳುತ್ತಾರೆ. ಆ ಹಾಳೆಯ ಫೋಟೋ ಮನೆಯ ಎಲ್ಲರ ಮೊಬೈಲಿನಲ್ಲೂ ಇರಲಿ. ರಾತ್ರಿ ಎರಡು ಗಂಟೆಗೆ ಬೀರುವಿನ ಕೀಲಿಕೈ ಯಾರಿಗೂ ಸಿಗುವುದಿಲ್ಲ.